ಮಗಳ ನೋಟ್‌ಬುಕ್ಕಿನಲ್ಲಿ ‘ಮಾ’ ಮತ್ತು ‘ವಾ’

ಡಬ್ಲಿನ್‌ಗೆ ಬಂದು ಎರಡು ತಿಂಗಳಾಯಿತು, ಶಾಲೆಯಲ್ಲಿ ಮಗಳಿಗೆ ಒಂದೇ ಐರಿಷ್ ಪದವನ್ನು ಒಮ್ಮೆ ‘ಮಾ’, ಒಮ್ಮೆ ‘ವಾ’ ಅಂತ ಹೇಳಿಕೊಡುತ್ತಾರೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ. ನಾನೂ ಮಗನ ಹೋಂವರ್ಕ್ ಪಕ್ಕ ಕೂತೇ ಇದನ್ನು ಕಲಿತದ್ದು.

ಮೂಲ ಪದ ‘ಮಾ’, ಅಂದರೆ ಒಳ್ಳೆಯ. ಬರೆಯುವುದು ಎಂ-ಎ-ಐ-ಟಿ-ಎಚ್. ಕೊನೆಯದು ಬರೀ ಉಸಿರು. ತುಂಬಾ ಹಳೆಯ ಪದ ಇದು. ಐರಿಷ್‌ನ ನೆಂಟ ಭಾಷೆ, ಫ್ರಾನ್ಸಿನ ಬ್ರೆಟನ್‌ನಲ್ಲಿ ಇದರ ಬಂಧು ಇವತ್ತಿಗೂ ‘ಮಾತ್’ ಅಂತ ಇದೆ. ಫ್ರಾನ್ಸಿನ ಕೊಲಿಞಿಯಲ್ಲಿ 1897ರಲ್ಲಿ ಒಂದು ಕಂಚಿನ ಪಂಚಾಂಗ ಸಿಕ್ಕಿತು, ಅದರ ಭಾಷೆ ಗಾಲಿಷ್, ಐರಿಷ್‌ಗೆ ನೆಂಟನಾದ ಒಂದು ಹಳೆಯ ಭಾಷೆ. ನಮ್ಮ ಪಂಚಾಂಗದ ಹಾಗೆ ಅದರಲ್ಲೂ ಅಧಿಕ ಮಾಸ ಇದೆ! ಅಲ್ಲಿ 30 ದಿನದ ತಿಂಗಳುಗಳ ಪಕ್ಕ ‘ಮತ್’ ಅಂತ ಕೆತ್ತಿದ್ದಾರೆ. ಒಳ್ಳೆಯ ತಿಂಗಳು ಅಂತ ಅದನ್ನು ಓದುವುದುಂಟು.

‘ವಾ’ ಆಗುವುದು ಹೀಗೆ. ‘ಲಾ’ ಅಂದರೆ ಹಗಲು, ಪುಲ್ಲಿಂಗ. ಹಾಗಾಗಿ ‘ಲಾ ಮಾ’. ‘ಈಹ’ ಅಂದರೆ ರಾತ್ರಿ, ಸ್ತ್ರೀಲಿಂಗ. ಅದು ‘ಈಹ ವಾ’. ಬರೆಯುವಾಗ ಎಂ ಪಕ್ಕ ಒಂದು ಎಚ್ ಸೇರುತ್ತದೆ. ಹಿಂದೆ ಎಷ್ಟೋ ಸ್ತ್ರೀಲಿಂಗ ಪದಗಳು ಸ್ವರದಲ್ಲಿ ಮುಗಿಯುತ್ತಿದ್ದವು. ಎರಡು ಸ್ವರಗಳ ನಡುವೆ ಸಿಕ್ಕ ‘ಮ’ ಮೆತ್ತಗಾಯಿತು. ಆಮೇಲೆ ಸ್ವರ ಉದುರಿಹೋಯಿತು, ಮೆತ್ತಗಾದದ್ದು ಹಾಗೇ ಉಳಿಯಿತು. ಆದೇಶ ಸಂಧಿಯಲ್ಲಿ ನಾವೂ ಓದಿದ್ದೆವಲ್ಲ, ಮೆಲ್ + ಮಾತು = ಮೆಲ್ವಾತು ಅಂತ? ಅದು ನೆನಪಾದ ದಿನ ನನಗೆ ಈ ಭಾಷೆ ಪರಕೀಯ ಅನ್ನಿಸುವುದು ನಿಂತಿತು.

ಟೀಚರ್ ಕೆಂಪು ಪೆನ್ನಿನಲ್ಲಿ ಬರೆದ ‘ಆನ್-ವಾ’ ಅಂದರೆ ತುಂಬಾ ಚೆನ್ನಾಗಿದೆ ಅಂತ. ‘ಆನ್’ ಮುಂದೆ ಬಂದರೂ ‘ಮ’ ಮೆತ್ತಗಾಗುತ್ತದೆ. ಬಹುವಚನ ‘ಮಾಹ’. ‘ಇನ್ನೂ ಒಳ್ಳೆಯ’ ಅನ್ನಲು ಮಾತ್ರ ಬೇರೆಯದೇ ಪದ, ‘ಫ್ಯಾರ್’. ಅದನ್ನು ಸುಮ್ನೆ ಬಾಯಿಪಾಠ ಮಾಡಿಸಿ.

ಒಂದು ಕಡೆ ಮಗಳು ಎಡವಬಹುದು. ‘ಕಾಲೀನ್’ ಅಂದರೆ ಹುಡುಗಿ, ಆದರೆ ವ್ಯಾಕರಣದಲ್ಲಿ ಪುಲ್ಲಿಂಗ! ಅದಕ್ಕೇ ‘ಕಾಲೀನ್ ಮಾ’. ನಮ್ಮಲ್ಲಿ ಅರ್ಥ ನೋಡಿ ಲಿಂಗ ಹೇಳುತ್ತೇವೆ. ಇಲ್ಲಿ ಪದದ ಕೊನೆಯಲ್ಲಿರುವ ‘ಈನ್’ ಅದನ್ನು ಗಂಡುಮಾಡುತ್ತದೆ.

ಇನ್ನು ಥ್ಯಾಂಕ್ಸ್ ಹೇಳುವುದು, ‘ಗುರ ಮಾ ಅಗತ್’. ಇದರಲ್ಲಿ ‘ಮಾ’ ನಾಮಪದ. ನಿನಗೆ ಒಳ್ಳೆಯದಿರಲಿ ಅಂತ ಅರ್ಥ. ನಮ್ಮಮ್ಮ ಇಲ್ಲಿಗೆ ಬಂದಿದ್ದಾಗ ಬಸ್ಸಿಂದ ಇಳಿಯುತ್ತಾ ಡ್ರೈವರ್‌ಗೆ ಕನ್ನಡದಲ್ಲೇ ‘ಒಳ್ಳೇದಾಗ್ಲಪ್ಪಾ’ ಅಂದರು. ಇಲ್ಲಿನವರು ಹೇಳುವುದೂ ಅದನ್ನೇ ಅಲ್ವಾ!

ನಾಳೆ ಮಗಳು ನೋಟ್‌ಬುಕ್ ತೋರಿಸಿದಾಗ ‘ಮಾ ಹೂ’ ಅನ್ನಿ. ‘ಹೂ’ ಅಂದರೆ ನೀನು. ಭೇಷ್ ಮಗಳೇ ಅಂದ ಹಾಗೆ.