ಗೋಲು ತಡೆದವರಿಗೂ ಪದಕ ಸಿಕ್ಕಿತ್ತು

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಎಸೆಂಡನ್ ತಂಡದ ಜಾನ್ ಕೋಲ್ಮನ್ ಬಗ್ಗೆ ಓದಿ ನೀವು ಬರೆದ ಪತ್ರ ತಲುಪಿತು. 'ಯಾವಾಗ ನೋಡಿದರೂ ಗೋಲು ಹೊಡೆದವರ ಕಥೆಯೇ ಹಾಕ್ತೀರಿ. ತಡೆದವರು ಲೆಕ್ಕಕ್ಕೇ ಇಲ್ವಾ? ಅವರಿಗೊಂದು ಪದಕವಾದರೂ ಸಿಕ್ಕಿದೆಯಾ?' ಎಂದು ಕೇಳಿದ್ದೀರಿ. ನಿಮ್ಮ ತಕರಾರು ನ್ಯಾಯವಾದದ್ದೇ. ಸಿಕ್ಕಿದೆ, ಅದೂ ಕೋಲ್ಮನ್ ಕಾಲದಲ್ಲೇ. ಅವರ ಹೆಸರು ಬರ್ನಿ ಸ್ಮಿತ್.

ದಕ್ಷಿಣ ಆಸ್ಟ್ರೇಲಿಯಾದ ಹುಡುಗ. 1947ರಲ್ಲಿ ವೆಸ್ಟ್ ಅಡಿಲೇಡ್ ತಂಡದಲ್ಲಿದ್ದು ಅಲ್ಲಿನ ಲೀಗ್ ಗೆದ್ದರು. ಮರುವರ್ಷ ವಿಕ್ಟೋರಿಯಾದ ಜಿಲಾಂಗ್ ಕ್ಲಬ್ ಸೇರಿದವರು 1958ರವರೆಗೆ ಅಲ್ಲೇ ಉಳಿದು 183 ಪಂದ್ಯ ಆಡಿದರು.

ಅವರು ನಿಲ್ಲುತ್ತಿದ್ದ ಜಾಗ ಬ್ಯಾಕ್ ಪಾಕೆಟ್. ತಮ್ಮ ಗೋಲು ಕಂಬಗಳ ಎದುರಿಗೆ ಫುಲ್‌ಬ್ಯಾಕ್ ಇರುತ್ತಾನಲ್ವಾ, ಅವನ ಪಕ್ಕದ ಮೂಲೆ. ಎದುರಿಗೆ ಬರುವವರು ಹೆಚ್ಚಾಗಿ ರೋವರ್‌ಗಳು. ಗಿಡ್ಡ ಆಳುಗಳು, ಚುರುಕು ಜಾಸ್ತಿ, ಮೈದಾನವಿಡೀ ಓಡಿ ದಣಿವಾರಿಸಿಕೊಳ್ಳಲು ಗೋಲಿನ ಹತ್ತಿರ ಬಂದು ನಿಲ್ಲುವವರು. ಅಲ್ಲಿ ಒಂದು ಕ್ಷಣ ಮೈಮರೆತರೆ 6 ಅಂಕ ಹೋಯಿತು. ಹಾಗಾಗಿ ಆಗಿನ ಬಹಳಷ್ಟು ಡಿಫೆಂಡರ್‌ಗಳು ಚೆಂಡು ಸಿಕ್ಕ ಕೂಡಲೇ ಮೈದಾನದ ಅಂಚಿನ ಗೆರೆಯ ಕಡೆಗೆ ಬಲವಾಗಿ ಒದ್ದು ಉಸಿರು ಬಿಡುತ್ತಿದ್ದರು. ಸ್ಮಿತ್ ಹಾಗೆ ಮಾಡಲಿಲ್ಲ. ಚೆಂಡು ಕೈಗೆ ಬಂದರೆ ಮೂಲೆಯಿಂದ ಹೊರಗೆ ಓಡುತ್ತಿದ್ದರು. ಈ ಆಟದಲ್ಲಿ ಚೆಂಡು ಹಿಡಿದು ಸುಮ್ನೆ ಓಡುವಂತಿಲ್ಲ. ಆಗಾಗ ನೆಲಕ್ಕೆ ಬಡಿದು ಹಿಡಿಯಬೇಕು. ಚೆಂಡೋ ಮೊಟ್ಟೆಯಾಕಾರದ್ದು, ತುದಿ ತಪ್ಪಿ ಬಿದ್ದರೆ ಯಾವ ಕಡೆಗೆ ಪುಟಿಯುತ್ತದೋ ಹೇಳಲಾಗದು. ಸ್ವಂತ ಗೋಲಿನ ಮುಂದೆಯೇ ಆ ಧೈರ್ಯ ಮಾಡಿ, ಆಮೇಲೆ ಮುಂದಿರುವ ಜೊತೆಗಾರನಿಗೆ ಅಳೆದು ಒದೆಯುವುದು ಸಣ್ಣ ಮಾತಲ್ಲ. ಜಿಲಾಂಗ್ ಕೋಚ್ ರೆಗ್ ಹಿಕಿ ಕೂಡ ಹಿಂದೆ ಡಿಫೆಂಡರ್ ಆಗಿದ್ದವರೇ. ಅವರಿಗೆ ಬೇಕಿದ್ದದ್ದು ವೇಗದ ಆಟ. ಆ ವೇಗ ಸ್ಮಿತ್ ಕಾಲಿನಿಂದಲೇ ಶುರುವಾಗುತ್ತಿತ್ತು.

ಈಗ ಪದಕಕ್ಕೆ ಬರೋಣ. ಪ್ರತಿ ಪಂದ್ಯದ ನಂತರ ಅಂಪೈರ್ 3, 2, 1 ಎಂದು ಮೂವರಿಗೆ ಅಂಕ ಕೊಡುತ್ತಾರೆ. ಋತುವಿನ ಕೊನೆಗೆ ಜಾಸ್ತಿ ಅಂಕ ಪಡೆದವರಿಗೆ ಬ್ರೌನ್‌ಲೋ ಪದಕ. ಒರಟಾಟಕ್ಕೆ ಆ ಋತುವಿನಲ್ಲಿ ಅಮಾನತಾಗಿದ್ದರೆ ಎಷ್ಟೇ ಅಂಕ ಇದ್ದರೂ ಸಿಗದು. ಅಂಪೈರ್ ಕಣ್ಣು ಸಾಮಾನ್ಯವಾಗಿ ನಡುಮೈದಾನದವರ ಮೇಲೆ ಇರುತ್ತದೆ. 1951ರಲ್ಲಿ ಅದು ಮೂಲೆಯಲ್ಲಿದ್ದ ಸ್ಮಿತ್ ಮೇಲೆ ಬಿತ್ತು. ಬ್ಯಾಕ್ ಪಾಕೆಟ್‌ನವರೊಬ್ಬರು ಬ್ರೌನ್‌ಲೋ ಗೆದ್ದದ್ದು ಅದೇ ಮೊದಲು.

ಅದೇ ವರ್ಷ ಜಿಲಾಂಗ್ ಫೈನಲ್‌ನಲ್ಲಿ ಎಸೆಂಡನ್ ತಂಡವನ್ನು 11 ಅಂಕಗಳಿಂದ ಸೋಲಿಸಿತು. ನಿಜ ಹೇಳಬೇಕೆಂದರೆ ಕೋಲ್ಮನ್ ಅಮಾನತಾಗಿದ್ದರಿಂದ ಆ ದಿನ ಆಡಲಿಲ್ಲ. ಅವರಿದ್ದಿದ್ದರೆ ಏನಾಗುತ್ತಿತ್ತೋ! ಆದರೆ 1952ರ ಫೈನಲ್‌ನಲ್ಲಿ ಕಾಲಿಂಗ್‌ವುಡ್ ಎದುರು 46 ಅಂಕಗಳ ಗೆಲುವು, 1952-53ರಲ್ಲಿ ಸತತ 23 ಜಯಗಳು, ಇವನ್ನು ಯಾರೂ ಅದೃಷ್ಟ ಎನ್ನಲಾರರು. ಆ 23ರ ದಾಖಲೆ ಇನ್ನೂ ಮುರಿದಿಲ್ಲ.

ಸ್ಮಿತ್ 1985ರಲ್ಲಿ ತೀರಿಕೊಂಡರು. 1996ರಲ್ಲಿ ಜಿಲಾಂಗ್, ಎಸೆಂಡನ್ ಆಡುವ ಲೀಗ್‌ಗೆ ನೂರು ತುಂಬಿದಾಗ ಶತಮಾನದ ತಂಡ ಆರಿಸಿದರು. ಕೋಲ್ಮನ್ ಫುಲ್ ಫಾರ್ವರ್ಡ್ (ಎದುರಾಳಿ ಗೋಲಿನ ಮುಂದೆ ನಿಂತು ಗೋಲು ಹೊಡೆಯುವ ಜಾಗ), ಸ್ಮಿತ್ ಬ್ಯಾಕ್ ಪಾಕೆಟ್. ನೀವು ಕೇಳಿದ ಲೆಕ್ಕದಲ್ಲಿ ಇಬ್ಬರ ಹೆಸರೂ ಒಂದೇ ಪಟ್ಟಿಯಲ್ಲಿದೆ.

– ಸಂಪಾದಕ