ಕಾರ್ ಕಾಯುವುದು ನಿಂತಾಗಲೋ, ಓಡುವಾಗಲೋ?

ಪ್ರಶ್ನೆ: ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ, ಹೊಸೂರು ಹೈವೇಗೆ ಬಿದ್ದರೆ ತಾನೇ ಇಳಿಯುತ್ತದೆ. ಗ್ಯಾರೇಜಿನಲ್ಲಿ ರೇಡಿಯೇಟರ್ ಬದಲಿಸಿ ಅನ್ನುತ್ತಾರೆ. ಬದಲಿಸಲೇ?
– ಬೆಂಗಳೂರಿನ ಓದುಗರು

ಉತ್ತರ: ಸದ್ಯಕ್ಕೆ ಬೇಡ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ನಿಂತಾಗ ಮಾತ್ರ ಕಾಯುತ್ತಿದ್ದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಊರೊಳಗೆ ತೆಪ್ಪಗಿದ್ದು ಶಿರಾಡಿ ಘಾಟಿ ಹತ್ತುವಾಗ ಕಾಯುತ್ತಿತ್ತು.

ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ. ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗುತ್ತದೆ. ಎ.ಸಿ.ಗೆ ತಿರುಗಿ, ಎಂಜಿನ್ ಕಾದಾಗ ತಿರುಗದಿದ್ದರೆ ಟೆಂಪರೇಚರ್ ಸೆನ್ಸರ್ ಇಲ್ಲವೇ ಅದರ ಕನೆಕ್ಟರ್ ನೋಡಿ. ಎರಡಕ್ಕೂ ತಿರುಗದಿದ್ದರೆ ಬಾನೆಟ್ ಒಳಗಿನ ಪೆಟ್ಟಿಗೆಯಲ್ಲಿ ಫ್ಯಾನ್ ಫ್ಯೂಸ್ ಪರೀಕ್ಷಿಸಿ, ಅದೇ ನಂಬರಿನ ಬೇರೊಂದು ರಿಲೇಯನ್ನು (ಕರೆಂಟ್ ಬಿಡುವ ಪುಟ್ಟ ಸ್ವಿಚ್) ಫ್ಯಾನ್ ರಿಲೇಯ ಜಾಗಕ್ಕೆ ಹಾಕಿ ನೋಡಿ. ಆಗಲೂ ಇಲ್ಲವೇ? ಕೀಲಿ ತೆಗೆದು, ಫ್ಯಾನಿನ ಎರಡು ಪಿನ್ನಿನ ಕನೆಕ್ಟರ್ ಬಿಚ್ಚಿ, 30 ಆಂಪಿಯರ್ ಫ್ಯೂಸ್ ಸೇರಿಸಿದ ದಪ್ಪ ವೈರಿನಿಂದ ಬ್ಯಾಟರಿಯ ಕರೆಂಟ್ ನೇರ ಕೊಡಿ. ಕರೆಂಟ್ ಕೊಟ್ಟಾಗ ಸುಮ್ಮನಿದ್ದು, ಮೋಟಾರಿನ ಬೆನ್ನಿಗೆ ಉದ್ದ ಕೋಲಿನಿಂದ ತಟ್ಟಿದರೆ ತಿರುಗುತ್ತದೆ ಎಂದಾದರೆ ಬ್ರಷ್ ಸವೆದಿದೆ, ಮೋಟಾರ್ ಬದಲಿಸಿ. ಕೈ, ದುಪಟ್ಟಾ ದೂರವಿರಲಿ. ಎಂಜಿನ್ ನಿಂತಿದ್ದರೂ ಕಾದ ಗಾಡಿಯ ಫ್ಯಾನ್ ಹಠಾತ್ತನೆ ತಿರುಗಬಹುದು.

ಫ್ಯಾನ್ ಸರಿಯಿದ್ದರೆ ಎ.ಸಿ. ಕಂಡೆನ್ಸರ್ (ರೇಡಿಯೇಟರಿನ ಮುಂದಿರುವ ಎ.ಸಿ.ಯ ಜಾಲರಿ) ಮತ್ತು ರೇಡಿಯೇಟರಿನ ನಡುವೆ ಟಾರ್ಚ್ ಹಾಕಿ. ಅಲ್ಲಿ ಧೂಳು, ಹುಳು ಸೇರಿ ಗಾಳಿ ನಿಂತುಹೋಗಿರುತ್ತದೆ. ಗಾಡಿ ಆರಿದ ಮೇಲೆ ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ಗನ್ ಬೇಡ, ಜಾಲರಿ ಮಡಚಿಕೊಳ್ಳುತ್ತದೆ.

ಪ್ರಶ್ನೆ: ಎಂಜಿನ್ ತಣಿಸುವ ಕೂಲೆಂಟ್ ವಾರವಾರ ಕಡಿಮೆಯಾಗುತ್ತದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಎಲ್ಲಿ ಹೋಗುತ್ತದೆ?
– ಪುತ್ತೂರಿನ ಓದುಗರು

ಉತ್ತರ: ಮೊದಲು ರೇಡಿಯೇಟರಿನ ಅಥವಾ ಕೂಲೆಂಟ್ ಟ್ಯಾಂಕಿನ ಮುಚ್ಚಳ ನೋಡಿ, ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಮುಚ್ಚಳದ ಮೇಲೆ 0.9 ಅಥವಾ 1.1 ಎಂಬಂಥ ಸಂಖ್ಯೆ ಇರುತ್ತದೆ, ಅದು ಬಾರ್ ಲೆಕ್ಕದ ಒತ್ತಡ. ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ಬಯಲಿನಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಈ ಒತ್ತಡದಲ್ಲಾದರೆ 120 ದಾಟಿದರೂ ತಡೆದುಕೊಳ್ಳುತ್ತದೆ. ರಬ್ಬರ್ ಸೀಲ್ ಬಿರಿದರೆ, ಸ್ಪ್ರಿಂಗ್ ಸಡಿಲವಾದರೆ ಆವಿಯಾಗಿ ಹೋಗುತ್ತದೆ. ಅದೇ ಸಂಖ್ಯೆಯ ಹೊಸ ಮುಚ್ಚಳ ಹಾಕಿ.

ಬಳಿಕ ವಾಟರ್ ಪಂಪಿನ ಅಡಿಯ ಸಣ್ಣ ತೂತಿನ ಸುತ್ತ ಹಸಿರೋ ಗುಲಾಬಿಯೋ ಒಣಗಿದ ಕಲೆ ಹುಡುಕಿ. ಅಲ್ಲಿ ಒಸರಿದ್ದು ಬಿಸಿಗೇ ಆರಿಹೋಗುತ್ತದೆ. ಕಾಲಡಿಯ ಮ್ಯಾಟ್ ಅಂಟಂಟಾಗಿ ಒದ್ದೆಯಾಗಿ, ಕ್ಯಾಬಿನ್ನಿನಲ್ಲಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರ್) ಸೋರುತ್ತಿದೆ. ಎ.ಸಿ. ನೀರಾದರೆ ಅಂಟುವುದಿಲ್ಲ. ನಾಲಿಗೆಗೆ ಹಚ್ಚಿ ನೋಡಬೇಡಿ, ಎಥಿಲಿನ್ ಗ್ಲೈಕಾಲ್ ವಿಷ.

ಭಯಪಡಬೇಕಾದದ್ದು ಹೆಡ್ ಗ್ಯಾಸ್ಕೆಟ್ಟಿಗೆ, ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲಿಗೆ. ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತಾಗಿ, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬಂದರೆ ಗಾಡಿ ಓಡಿಸಬೇಡಿ, ಟೋ ಮಾಡಿಸಿ. ಆಯಿಲ್ ಮುಚ್ಚಳದ ಒಳಗೆ ತುಸು ಕೆನೆ ಕಂಡ ಮಾತ್ರಕ್ಕೆ ಗಾಬರಿ ಬೇಡ, ಬರೀ ಹತ್ತಿರದ ಓಡಾಟದ ಗಾಡಿಯಲ್ಲೂ ಅದು ಕಾಣುತ್ತದೆ. ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲೇ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲಿಗೆ ಕೂಲೆಂಟ್ ಸೇರಿರುವ ಅನುಮಾನ ಬಲವಾಗುತ್ತದೆ.

ಪ್ರಶ್ನೆ: ಬೋರ್ ನೀರು ಹಾಕಿದ್ದೆವು. ಈಗ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಬಿಡೋಣ ಅನ್ನುತ್ತಾರೆ.
– ಕೋಲಾರದ ಓದುಗರು

ಉತ್ತರ: ದಾರಿಯಲ್ಲಿ ಕೈಕೊಟ್ಟಾಗ ಬೋರ್ ನೀರೂ ಆದೀತು, ಆದರೆ ಅದನ್ನೇ ಬಿಟ್ಟರೆ ರೇಡಿಯೇಟರ್ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಎಲ್ಲ ಬಸಿದು, ಡಿಸ್ಟಿಲ್ಡ್ ವಾಟರಿನಿಂದ ತೊಳೆಯಿರಿ. ಬಸಿದ ಮೇಲೂ ಎಂಜಿನ್ ಬ್ಲಾಕಿನಲ್ಲಿ ನೀರು ಉಳಿಯುವುದರಿಂದ, ಒಟ್ಟು 4 ಲೀಟರ್ ಹಿಡಿಯುವ ಗಾಡಿಗೆ ಮೊದಲು 2 ಲೀಟರ್ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್) ಹಾಕಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿ. ಡಬ್ಬಿಯ ಮೇಲೆ ಪ್ರೀಮಿಕ್ಸ್ ಎಂದಿದ್ದರೆ ಈ ಲೆಕ್ಕ ನಡೆಯದು, ಅದರಲ್ಲಿ ಆಗಲೇ ನೀರಿದೆ. ಹೀಟರ್ ಪೂರ್ತಿ ಬಿಸಿಗಿಟ್ಟು, ಮುಚ್ಚಳ ತೆರೆದೇ ಎಂಜಿನ್ ಚಾಲೂ ಮಾಡಿ, ಗುಳ್ಳೆ ಬಂದಂತೆ ತುಂಬಿಸಿ. ಮೇಲಿನ ಹೋಸ್ ಬಿಸಿಯಾಗುತ್ತಿದ್ದಂತೆ ಮುಚ್ಚಿ. ಫ್ಯಾನ್ ಎರಡು ಸಲ ತಿರುಗಿ ನಿಂತ ಮೇಲೆ ಆರಲು ಬಿಟ್ಟು ಮತ್ತೆ ಮಟ್ಟ ನೋಡಿ.

ಥರ್ಮೋಸ್ಟಾಟ್ ತೆಗೆಯುವುದು ಬೇಡವೇ ಬೇಡ. ಎಂಜಿನ್ ಕಾವಿಗೆ ಬರುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ ಅದು. ತೆಗೆದರೆ ಎಂಜಿನ್ ಬೇಗ ಕಾವಿಗೆ ಬರದೆ ಪೆಟ್ರೋಲ್ ಕುಡಿಯುತ್ತದೆ. ಬೈಪಾಸ್ (ರೇಡಿಯೇಟರ್ ತಪ್ಪಿಸಿ ಹೋಗುವ ದಾರಿ) ಮುಚ್ಚುವ ಕೆಲಸವೂ ಅದರದೇ ಆಗಿರುವ ಎಂಜಿನ್‌ಗಳಲ್ಲಿ ಒಂದಷ್ಟು ಕೂಲೆಂಟ್ ರೇಡಿಯೇಟರಿಗೆ ಹೋಗದೆ ಸುತ್ತುತ್ತಾ ಗಾಡಿ ಇನ್ನಷ್ಟು ಕಾಯಬಹುದು. ಅನುಮಾನವಿದ್ದರೆ ಬಿಚ್ಚಿ, ದಾರ ಕಟ್ಟಿ ಹಳೆಯ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಥರ್ಮಾಮೀಟರ್ ಜೊತೆ ಕಾಯಿಸಿ. ಅದರ ಮೇಲೆ 82 ಎಂದು ಒತ್ತಿದ್ದರೆ 82 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುಮಾಡಬೇಕು. ನೀರು ಕುದಿದರೂ ಬಿಡದಿದ್ದರೆ ಹೊಸದನ್ನು ಹಾಕಿ, ಗ್ಯಾಸ್ಕೆಟ್ಟನ್ನೂ ಬದಲಿಸಿ.