ಸ್ತನದಲ್ಲಿ ಗಂಟು ಸಿಕ್ಕಿದೆ, ನೋವಿಲ್ಲ. ಅಲ್ಟ್ರಾಸೌಂಡ್ ಸಾಕೇ, ಸ್ವಲ್ಪ ದಿನ ಕಾಯಬಹುದೇ?

ನಿಮಗೆ 36 ವರ್ಷ, ಎಡ ಸ್ತನದಲ್ಲಿ ಗೋಲಿಯಷ್ಟು ಗಂಟು ಕೈಗೆ ಸಿಗುತ್ತಿದೆ, ನೋವಿಲ್ಲ. ವೈದ್ಯರು ಮ್ಯಾಮೋಗ್ರಾಂ ಬದಲು ಅಲ್ಟ್ರಾಸೌಂಡ್ ಬರೆದುಕೊಟ್ಟಿದ್ದಾರೆ. ಅದು ಸಾಕೇ, ಮಗಳ ಪರೀಕ್ಷೆ ಮುಗಿಯುವವರೆಗೆ ಎಂಟು ವಾರ ಕಾಯಬಹುದೇ, 58 ವರ್ಷದ ಅಮ್ಮನಿಗೂ ಮಾಡಿಸಬೇಕೇ ಎಂದು ಕೇಳಿದ್ದೀರಿ. ಮೊದಲು ಎರಡನೆಯದಕ್ಕೆ ಉತ್ತರಿಸುತ್ತೇನೆ. ಕಾಯಬೇಡಿ. ಈ ವಾರವೇ ಹೋಗಿ.

ನೋವಿಲ್ಲ ಎಂಬುದರಲ್ಲಿ ನಿಮಗೆ ಸಮಾಧಾನ ಕಂಡಿದೆ. ನನಗೂ ಕಂಡಿತ್ತು. 38ನೆಯ ವಯಸ್ಸಿನಲ್ಲಿ ನನಗೆ ಗಂಟು ಸಿಕ್ಕಾಗ ಚಿಕ್ಕವನಿಗೆ ಹಾಲು ಬಿಡಿಸಿ ವರ್ಷವಾಗಿತ್ತು. ಮೊದಲು ನೋಡಿದ ವೈದ್ಯರು ಕೈಯಿಂದ ಮುಟ್ಟಿ, ಹಾಲಿನ ಗಂಟು, ಕರಗಿಹೋಗುತ್ತದೆ ಎಂದರು. ಯಾವ ಪರೀಕ್ಷೆಯನ್ನೂ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಹಾಗೆ ಏಳು ತಿಂಗಳು ಕಳೆದವು. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ಆ ಏಳು ತಿಂಗಳನ್ನು ನೆನೆದರೆ ಇಂದಿಗೂ ಕರುಳು ಹಿಂಡಿದಂತಾಗುತ್ತದೆ. ನೀವು ಎಂಟು ವಾರವನ್ನೂ ಕಳೆಯುವುದು ನನಗೆ ಬೇಡ.

ನಿಮ್ಮ ವೈದ್ಯರು ಬರೆದದ್ದು ಸರಿಯಾಗಿಯೇ ಇದೆ. ನಿಮ್ಮ ವಯಸ್ಸಿನಲ್ಲಿ ಸ್ತನದೊಳಗೆ ಗ್ರಂಥಿಯ ಅಂಶ ಹೆಚ್ಚಿರುತ್ತದೆ. ಮ್ಯಾಮೋಗ್ರಾಂ ಎಂಬ ಎಕ್ಸ್‌ರೇಯಲ್ಲಿ ಅದು ಬೆಳ್ಳಗೆ ಕಾಣುತ್ತದೆ, ಗೆಡ್ಡೆಯೂ ಬೆಳ್ಳಗೆ ಕಾಣುತ್ತದೆ. ಬಿಳಿ ಸೀರೆಯ ಮೇಲೆ ಬಿದ್ದ ಮಲ್ಲಿಗೆಯನ್ನು ಹುಡುಕಿದಂತೆ. ಅಲ್ಟ್ರಾಸೌಂಡಿನಲ್ಲಿ ಗ್ರಂಥಿ ಬೆಳ್ಳಗಿದ್ದರೆ ಗೆಡ್ಡೆ ಹೆಚ್ಚಾಗಿ ಕಪ್ಪಾಗಿ ಎದ್ದು ಕಾಣುತ್ತದೆ. ನೀರು ತುಂಬಿದ ಚೀಲವಾಗಿದ್ದರೆ ಒಳಗೆ ಅಚ್ಚ ಕಪ್ಪು, ಹಿಂದೆ ಬೆಳಕು. ನಿಮ್ಮ ವಯಸ್ಸಿನಲ್ಲಿ ಬಹಳವಾಗಿ ಕಾಣುವ, ಕ್ಯಾನ್ಸರಲ್ಲದ ಫೈಬ್ರೊಅಡಿನೋಮ ಎಂಬ ಗಂಟು ಅಂಡಾಕಾರವಾಗಿ, ನಯವಾದ ಅಂಚಿನಿಂದ ಚರ್ಮಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ. ಅಂಚು ಮುಳ್ಳುಮುಳ್ಳಾಗಿದ್ದರೆ, ಅಗಲಕ್ಕಿಂತ ಎತ್ತರ ಹೆಚ್ಚಿದ್ದರೆ, ಹಿಂದೆ ನೆರಳು ಬಿದ್ದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ನನ್ನ ಸ್ಕ್ಯಾನಿಂಗ್ ಮಾಡಿದಾಕೆ ಅದುವರೆಗೆ ಮಾತನಾಡುತ್ತಿದ್ದವರು ಸುಮ್ಮನಾದರು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದರು, ಆಮೇಲೆ ಕಂಕುಳನ್ನೂ ನೋಡಿದರು. ಆ ಮೌನದಲ್ಲೇ ನನಗೆ ಅರ್ಧ ತಿಳಿದಿತ್ತು.

ಆದರೆ ಇದೊಂದರಿಂದಲೇ ಎಲ್ಲ ಮುಗಿಯುವುದಿಲ್ಲ. ಮರಳಿನ ಕಣದಷ್ಟು ಸಣ್ಣ ಸುಣ್ಣದ ಚುಕ್ಕಿಗಳು ಕೆಲವು ಕ್ಯಾನ್ಸರ್‌ಗಳ ಮೊದಲ ಗುರುತು. ಅವನ್ನು ಮ್ಯಾಮೋಗ್ರಾಂ ಹಿಡಿದಷ್ಟು ಚೆನ್ನಾಗಿ ಅಲ್ಟ್ರಾಸೌಂಡ್ ಹಿಡಿಯುವುದಿಲ್ಲ. ಹಾಗಾಗಿ ಅನುಮಾನ ಕಂಡರೆ ಮ್ಯಾಮೋಗ್ರಾಂ ಕೂಡ ಬರೆಯುತ್ತಾರೆ, ಗಾಬರಿಯಾಗಬೇಡಿ. ಜಪಾನಿನಲ್ಲಿ 40ರಿಂದ 49 ವಯಸ್ಸಿನ ಸುಮಾರು 73,000 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಮ್ಯಾಮೋಗ್ರಾಂ ಮಾತ್ರ ಮಾಡಿದಾಗ ನೂರು ಕ್ಯಾನ್ಸರ್‌ಗಳಲ್ಲಿ 77 ಸಿಕ್ಕರೆ, ಅಲ್ಟ್ರಾಸೌಂಡ್ ಸೇರಿಸಿದಾಗ 91 ಸಿಕ್ಕವು. ಜೊತೆಗೆ, ಕ್ಯಾನ್ಸರ್ ಇಲ್ಲದೆಯೂ ಮತ್ತೆ ಪರೀಕ್ಷೆಗೆ ಕರೆಸಿಕೊಂಡವರ ಸಂಖ್ಯೆಯೂ ಏರಿತು.

ವರದಿಯ ಕೊನೆಯಲ್ಲಿ ಬೈರಾಡ್ಸ್ (BI-RADS) ಎಂಬ ಹೆಸರಿನ ಮುಂದೆ, ಕ್ಯಾನ್ಸರ್ ಅನುಮಾನ ಎಷ್ಟೆಂದು ಹೇಳುವ ಒಂದು ಅಂಕಿ ಇರುತ್ತದೆ. 3 ಎಂದಿದ್ದರೆ ಕ್ಯಾನ್ಸರ್ ಸಾಧ್ಯತೆ ಶೇಕಡಾ 2ಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4 ಎಂದರೆ ಸಾಧ್ಯತೆ ಶೇಕಡಾ 2ರಿಂದ 95ರವರೆಗೆ ಎಲ್ಲಾದರೂ ಇರಬಹುದು, ಆದ್ದರಿಂದಲೇ 4ಎ, 4ಬಿ, 4ಸಿ ಎಂದು ಒಡೆದು ಬರೆಯುತ್ತಾರೆ. 4 ಕಂಡ ಕೂಡಲೇ ಕ್ಯಾನ್ಸರ್ ಎಂದು ಅಳುತ್ತಾ ಕೂರಬೇಡಿ. ಸೂಜಿಯಿಂದ ತುಣುಕು ತೆಗೆದು ನೋಡುವುದು ಅಗತ್ಯ ಎಂದಷ್ಟೇ ಅದರ ಅರ್ಥ. ನನ್ನದು 5 ಇತ್ತು.

ಇನ್ನೊಂದು ಮಾತು, ಇದನ್ನು ದಯವಿಟ್ಟು ನೆನಪಿಡಿ. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ ಎಂದು ವರದಿ ಬಂದರೂ ಗಂಟು ಕೈಗೆ ಸಿಗುತ್ತಲೇ ಇದ್ದರೆ ಸ್ತನ ಶಸ್ತ್ರಚಿಕಿತ್ಸಕರನ್ನು ಕಾಣದೆ ಬಿಡಬೇಡಿ. ಕೈಪರೀಕ್ಷೆ, ಚಿತ್ರ, ಸೂಜಿ ಪರೀಕ್ಷೆ ಮೂರೂ ಒಂದೇ ಮಾತು ಹೇಳಬೇಕು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ಅತ್ತೆಯೂ ಹೇಳಿದ್ದರು, ಪ್ರೀತಿಯಿಂದಲೇ. ಆ ಭಯಕ್ಕೆ ಆಧಾರವಿಲ್ಲ. ಜಾಗ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕುತ್ತಾರೆ.

ಅಮ್ಮನ ವಿಷಯ. ಅವರಿಗೆ ಗಂಟಿಲ್ಲ, ತೊಂದರೆಯಿಲ್ಲ ಎಂದಾದರೆ ಅಲ್ಟ್ರಾಸೌಂಡ್ ಒಂದನ್ನೇ ನೆಚ್ಚಬೇಡಿ, ಅವರ ವಯಸ್ಸಿಗೆ ಮ್ಯಾಮೋಗ್ರಾಂ ಸೂಕ್ತ. ಊರಿನಲ್ಲಿ ಅದಿಲ್ಲದಿದ್ದರೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯ ಕೈಪರೀಕ್ಷೆಯನ್ನು ಹಗುರವಾಗಿ ಕಾಣಬೇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಪಡೆದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿತ್ತು.

ಹೋಗುವ ದಿನ ಮುಂದೆ ಗುಂಡಿಯಿರುವ ರವಿಕೆ ಅಥವಾ ಅಂಗಿ ತೊಡಿ. ಹೊಟ್ಟೆಯ ಸ್ಕ್ಯಾನಿಂಗಿನಂತೆ ನೀರು ಕುಡಿದು ಕಾಯಬೇಕಿಲ್ಲ, ಉಪವಾಸವೂ ಬೇಡ. ಗಂಟಿರುವ ಜಾಗವನ್ನು ನೀವೇ ಬೆರಳಿಟ್ಟು ತೋರಿಸಿ. ಈ ಪರೀಕ್ಷೆ ಮಾಡುವವರ ಕೈಚಳಕವನ್ನು ಬಹಳ ಅವಲಂಬಿಸಿದೆ. ಮಹಿಳಾ ವೈದ್ಯರೇ ಬೇಕೆಂದರೆ ಸಮಯ ನಿಗದಿ ಮಾಡುವಾಗಲೇ ಕೇಳಿ.

ನನ್ನ ಗಂಟು ಅಷ್ಟರಲ್ಲಿ ಕಂಕುಳಿನ ಗ್ರಂಥಿಯೊಂದನ್ನು ತಲುಪಿತ್ತು. ಕಿಮೊಥೆರಪಿ, ಶಸ್ತ್ರಚಿಕಿತ್ಸೆ, ವಿಕಿರಣ ಎಲ್ಲ ಆಗಿ ಈಗ ಒಂಬತ್ತು ವರ್ಷ. ಚಿಕ್ಕವನು ಹೈಸ್ಕೂಲಿಗೆ ಬಂದಿದ್ದಾನೆ. ವರದಿ ಬಂದ ಮೇಲೆ ಆ ಅಂಕಿಯನ್ನು ಇಲ್ಲೇ ಬರೆಯಿರಿ. ನಾನು ನೋಡುತ್ತಿರುತ್ತೇನೆ.